ಯಾರು ಮಾತಾಡ್ತಿರೋದು

ಜನವರಿ ೧೯

ಗುಬ್ಬೀ,

ಕಾಗದ ನೋಡಿ ಎದೆ ಹಿಡಿದುಕೊಳ್ಳಬೇಡ. ಅಮ್ಮ ಚೆನ್ನಾಗಿದ್ದಾಳೆ. ಫೋನಿನಲ್ಲಿ ಆಡಲಾಗದ ಮಾತು, ಅದಕ್ಕೆ ಬರೆಯುತ್ತಿದ್ದೇನೆ. ಕಣ್ಣು ಪೂರ್ತಿ ಹೋದಮೇಲೆ ಅವಳ ಕಿವಿ ಮನೆಯೆಲ್ಲ ಓಡಾಡುತ್ತದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದರೂ ಹೊರಗೆ ಬಂದೊಡನೆ "ಯಾರ ಹತ್ರನೇ ಗುಸುಗುಸು?" ಅನ್ನುತ್ತಾಳೆ. ಮೆಸೇಜು ಬಂದು ಫೋನು ನಡುಗಿದರೆ ಅದೂ ಗೊತ್ತಾಗುತ್ತದೆ. ಕೆಲಸದ ಜಾಗದಿಂದ ಮಾಡೋಣವೆಂದರೆ ಹಗಲೆಲ್ಲ ನೀನು ರೆಕಾರ್ಡಿಂಗಿನಲ್ಲಿರುತ್ತೀಯ. ಆಸ್ಪತ್ರೆಯ ನನ್ನ ವರ್ಕ್‌ಶಾಪಿನಲ್ಲಿ ಕೂತು, ಅಚ್ಚಿನಲ್ಲಿ ಒಂದು ಸಿಲಿಕೋನ್ ಕಿವಿ ಗಟ್ಟಿಯಾಗುವ ತನಕ ಸಿಕ್ಕ ಪುರಸೊತ್ತಿನಲ್ಲಿ ಬರೆಯುತ್ತಿದ್ದೇನೆ. ನೀನೂ ಇಲ್ಲಿಗೇ ಬರೆ, ಮನೆಗೆ ಬೇಡ.

ವಿಷಯ ಇಷ್ಟು: ನೀನು ಸತ್ತುಹೋಗಿದ್ದೀಯ ಎಂದು ಅಮ್ಮ ನಂಬಿದ್ದಾಳೆ.

ನಗಬೇಡ. ನಾನೂ ಮೊದಲು ನಕ್ಕೆ. ಕಣ್ಣಿನ ಎರಡನೆಯ ಆಪರೇಷನ್ನೂ ಕೈಕೊಟ್ಟ ದಿನ ಮಧ್ಯಾಹ್ನ ಅವಳು ನಿನಗೆ ಫೋನು ಮಾಡಿದ್ದು ನೆನಪಿದೆಯಾ? ನಂಬರು ಒತ್ತಿಕೊಟ್ಟವಳು ನಾನೇ. ನೀನು ಯಾವುದೋ ಡಬ್ಬಿಂಗ್‌ನ ನಡುವೆ ಇದ್ದೆ. ನಿನ್ನ ಹೀರೋಯಿನ್ನಿನ ದನಿಯಲ್ಲೇ ಎತ್ತಿಕೊಂಡು, "ಹೇಳಿ, ಯಾರು ಮಾತಾಡ್ತಿರೋದು?" ಅಂದೆ. ಅಮ್ಮ "ರಾಂಗ್ ನಂಬರ್" ಎಂದು ಇಟ್ಟುಬಿಟ್ಟಳು. ಆಮೇಲೆ ನೀನು ಎಷ್ಟು ಸಲ ನಿನ್ನ ದನಿಯಲ್ಲಿ ಮಾತಾಡಿದರೂ ಒಪ್ಪುತ್ತಿಲ್ಲ. "ಅವತ್ತು ಸಿಕ್ಕಿಬಿದ್ಲು, ಇವತ್ತು ರೂಢಿ ಮಾಡ್ಕೊಂಡು ಬಂದಿದ್ದಾಳೆ" ಅನ್ನುತ್ತಾಳೆ.

ಅವಳ ಲೆಕ್ಕಾಚಾರ ಹೀಗಿದೆ: ನಿನಗೇನೋ ಆಗಿದೆ, ಕುರುಡಿಗೆ ಆಘಾತವಾಗದಿರಲಿ ಎಂದು ನಾನು ಯಾರನ್ನೋ ಗೊತ್ತುಮಾಡಿ ನಿನ್ನ ಹಾಗೆ ಮಾತಾಡಿಸುತ್ತಿದ್ದೇನೆ. "ದನಿ ಬಾಡಿಗೆಗೆ ಸಿಗುತ್ತೆ ಅಂತ ನನಗೆ ಗೊತ್ತಿಲ್ವಾ? ನನ್ನ ಮಗಳೇ ಅಲ್ವಾ ಕೊಡ್ತಿದ್ದದ್ದು." ಕೊಡ್ತಿದ್ದದ್ದು! ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಕಟ್ಟಿಕೊಂಡೇ ತಲೆ ನರೆಸಿದವಳಿಗೆ ದನಿಯ ವಿಷಯದಲ್ಲಿ ಯಾರು ಏನು ಹೇಳಬೇಕು?

ಇನ್ನೊಂದು. ಸತ್ತಮೇಲೆ ನೀನು ಬಹಳ ಒಳ್ಳೆಯವಳಾಗಿದ್ದೀಯ. "ಎಂಥಾ ಮೃದು ಮನಸ್ಸು ಅವಳದ್ದು" ಎಂದು ನಿನ್ನೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಬದುಕಿದ್ದಾಗ ನಿನ್ನ ಒಂದು ಗುಣವೂ ಕಾಣದವಳು.

ಒಮ್ಮೆ ಬಂದು ಹೋಗು.

ನಿನ್ನ ಅಕ್ಕ

⁂

ಫೆಬ್ರವರಿ ೨

ಅಕ್ಕಾ,

ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತು ನಿನ್ನ ಕಾಗದ ಓದಿದೆ. ಜೋರಾಗಿ ನಕ್ಕೆ. ನಕ್ಕದ್ದು ಯಾರ ನಗು ಅಂತ ಗೊತ್ತಾದಮೇಲೆ ನಿಲ್ಲಿಸಿದೆ. ಅವಳದ್ದು, ಹೀರೋಯಿನ್ನಿನದ್ದು. ಮೂಗಿನಿಂದ ಶುರುವಾಗಿ ಕೊನೆಯಲ್ಲಿ ಒಂದು ಉಸಿರು ಒಳಗೆಳೆದುಕೊಳ್ಳುವ ಆ ನಗುವನ್ನು ನಾನೇ ಅವಳಿಗೆ ಮಾಡಿಕೊಟ್ಟದ್ದು. ಅದು ಯಾವಾಗ ನನ್ನ ಬಾಯಿಗೆ ವಾಪಸು ಬಂತೋ!

ಈಗ ಬರಲಾಗದು. ಏಪ್ರಿಲ್ ತನಕ ಚಿತ್ರ ಒಪ್ಪಿಕೊಂಡಿದ್ದೇನೆ. ಈ ಭಾನುವಾರ ಫೋನು ಮಾಡುತ್ತೇನೆ. ನಮ್ಮ ಮನೆಯವರಿಗಷ್ಟೇ ಗೊತ್ತಿರುವುದನ್ನು ಅಮ್ಮ ಕೇಳಲಿ, ನಾನು ಹೇಳುತ್ತೇನೆ. ಅಷ್ಟಾದರೆ ಮುಗಿಯಿತಲ್ಲ.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ನಾನು ಬರಬೇಕು ಎಂದು ಬಯಸುತ್ತಿರುವವರು ಅಮ್ಮನಾ, ನೀನಾ? ಸತ್ತವಳು ಬರಲಿ ಎಂದು ಅವಳಂತೂ ಕೇಳಿರಲಾರಳು.

ತಂಗಿ

⁂

ಫೆಬ್ರವರಿ ೨೦

ಗುಬ್ಬೀ,

ಆ ಭಾನುವಾರದಿಂದ ಪೆನ್ನು ಹಿಡಿಯುವ ಮನಸ್ಸಾಗಿರಲಿಲ್ಲ. ತಪ್ಪು ನನ್ನದೂ ಇದೆ, ಒಪ್ಪಿದೆ. ಆದರೆ ನೀನು ಹಾಗೆ ಹೇಳಿದ್ದು ಯಾಕೆ?

ಅಮ್ಮ ಕೇಳಿದ್ದು ಸುಲಭದ ಪ್ರಶ್ನೆ. "ಕಾಂಪೌಂಡಿನ ಮೇಲಿಂದ ಬಿದ್ದು ಹಲ್ಲು ಮುರ್ಕೊಂಡಿದ್ದು ಯಾರು?" ನೀನು ಒಂದು ಕ್ಷಣ ಯೋಚಿಸದೆ "ನಾನು" ಅಂದೆ. ನನ್ನ ಬಾಯಿ ಸುಮ್ಮನಿರಲಿಲ್ಲ. "ಅಯ್ಯೋ, ಬಿದ್ದಿದ್ದು ನಾನು ಕಣೇ" ಎಂದುಬಿಟ್ಟೆ. ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿ, "ಪಾಠ ಹೇಳ್ಕೊಟ್ಟಿದ್ದೀಯ. ಅದೂ ನೆಟ್ಟಗೆ ಹೇಳ್ಕೊಟ್ಟಿಲ್ಲ" ಅಂದಳು. ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಲೋಟ ಕೊಟ್ಟರೆ ಮೂಸಿ ಕುಡಿಯುತ್ತಾಳೆ.

ನೀನು ಖುದ್ದಾಗಿ ಬರುತ್ತೀಯ, ಮುಖ ಮುಟ್ಟಿ ನೋಡಬಹುದು ಎಂದು ಹೇಳಿದೆ. ಅದಕ್ಕೆ ಏನಂದಳು ಗೊತ್ತಾ? "ನೀನು ಮಾಡೋ ಮೂಗು ನಾನು ಮುಟ್ಟಿಲ್ವಾ? ಬೆವರೊಂದು ಬಿಟ್ರೆ ಎಲ್ಲಾ ಇರುತ್ತೆ. ಒಬ್ಬಳು ದನಿ ಮಾರೋಳು, ಒಬ್ಬಳು ಮೂಗು ಮಾಡೋಳು. ನಿಮ್ಮಿಬ್ಬರ ಮಧ್ಯೆ ನಾನು ಏನನ್ನ ನಂಬಲಿ?" ಕ್ಯಾನ್ಸರಿನಲ್ಲಿ, ಬೆಂಕಿಯಲ್ಲಿ ಮುಖ ಕಳೆದುಕೊಂಡವರಿಗೆ ಸಿಲಿಕೋನಿನಲ್ಲಿ ಮೂಗು ಕಿವಿ ಮಾಡಿ ಕೂರಿಸುವ ಕೆಲಸವನ್ನು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಈಗ ಅದು ಕಳ್ಳತನದ ಹತ್ಯಾರದ ಹಾಗೆ ಕೇಳಿಸುತ್ತದೆ.

ನಿನಗೆ ನೇರವಾಗಿಯೇ ಕೇಳುತ್ತೇನೆ. ಭಾನುವಾರ ನಿನ್ನ ದನಿಯಲ್ಲಿ ಏನೋ ಇತ್ತು, ಒಣಗಿದ ಹಾಗೆ. ಇಲ್ಲಿಗೆ ಬರುವವರೆಲ್ಲ ಮೊದಲು "ಏನಿಲ್ಲ, ಗಂಟಲು ಸ್ವಲ್ಪ ಕಟ್ಟಿದೆ" ಎಂದವರೇ. ಡಾಕ್ಟರಿಗೆ ತೋರಿಸಿದ್ದೀಯಾ? ಏಪ್ರಿಲ್ ತನಕ ಬರಲಾಗದು ಎಂಬುದಕ್ಕೆ ಚಿತ್ರವೇ ಕಾರಣವಾ?

ಅಕ್ಕ

⁂

ಮಾರ್ಚ್ ೧೧

ಅಕ್ಕಾ,

ಗಂಟಲು ನೆಟ್ಟಗಿದೆ. ತೋರಿಸಿದೆ. ನೀನು ನಂಬುವುದಿಲ್ಲ ಎಂದು ಗೊತ್ತು, ಆದರೂ ಹೇಳಿದ್ದೇನೆ.

ತೊಂದರೆ ಇರುವುದು ಆ ಕಾಂಪೌಂಡಿನಲ್ಲಿ. ಬಿದ್ದವಳು ನೀನು. ಸರಿ, ಮುರಿದ ಹಲ್ಲು ನಿನ್ನ ಬಾಯಲ್ಲಿದೆ, ವಾದವೇ ಇಲ್ಲ. ಆದರೆ ಅಕ್ಕ, ರಕ್ತದ ರುಚಿ ನನ್ನ ನಾಲಗೆಯ ಮೇಲಿದೆ. ಕೆಳಗಿನಿಂದ ಕಂಡ ಆಕಾಶ, ತುಟಿಗೆ ಮೆತ್ತಿದ್ದ ಮಣ್ಣು, ನೀನು ಮೇಲಿನಿಂದ ಬಗ್ಗಿ ನೋಡಿದ್ದು, ಎಲ್ಲ ಇದೆ. ಬಗ್ಗಿ ನೋಡಿದವಳು ನಾನೇ ಆಗಿದ್ದರೆ, ಕೆಳಗೆ ಬಿದ್ದುಕೊಂಡು ಈ ನೆನಪನ್ನು ಇಟ್ಟುಕೊಂಡವಳು ಯಾರು? ನೀನು ಎಷ್ಟೋ ಸಲ ಕಥೆ ಹೇಳಿದೆ, ನಾನು ಅದಕ್ಕೆ ದನಿ ಕೊಟ್ಟೆ ಅಂತ ಕಾಣುತ್ತದೆ. ಹಾಗಿದ್ದರೆ ಉಳಿದ ನೆನಪುಗಳಲ್ಲಿ ಇನ್ನೆಷ್ಟು ಹೀಗೆ?

ಆ ಭಾನುವಾರದ ಮರುದಿನ ಡಬ್ಬಿಂಗ್ ಬೂತಿನಲ್ಲಿ ಒಂದು ಸಣ್ಣ ದೃಶ್ಯ. ಹೀರೋಯಿನ್ ಕತ್ತಲ ಬಾಗಿಲು ತಟ್ಟುತ್ತಾಳೆ, ಒಳಗಿನವರು ಯಾರು ಅನ್ನುತ್ತಾರೆ, ಅವಳು "ನಾನು" ಅನ್ನಬೇಕು. ಅಷ್ಟೇ. ನನ್ನ ಬಾಯಿಂದ ಬರಲಿಲ್ಲ. ಸೌಂಡ್ ಎಂಜಿನಿಯರ್ ಗಾಜಿನಾಚೆಯಿಂದ, "ಮೇಡಂ, ಒಂದೇ ಮಾತು, ಬಿಸಾಕಿ ಬನ್ನಿ, ಕಾಫಿ ತಣ್ಣಗಾಗ್ತಿದೆ" ಅಂದ. ಮತ್ತೆ ಪ್ರಯತ್ನಿಸಿದೆ. ತುಟಿ ಹೊಂದಿತು, ಸದ್ದು ಬಂತು, ಒಳಗೆ ಯಾರೂ ಇರಲಿಲ್ಲ. "ಓಕೆ" ಎಂದು ಅವನು ಮುಂದಕ್ಕೆ ಹೋದ. ಅವನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹೆದರಿಕೆಯಾದದ್ದು ಅದಕ್ಕೆ.

ಈಗ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬೂತಿನಲ್ಲೇ ಉಳಿಯುತ್ತೇನೆ. ಹೆಡ್‌ಫೋನು ಹಾಕಿಕೊಂಡು, ಏನೂ ಹಾಕಿಸದೆ, ಸುಮ್ಮನೆ. ಒಂದು ಯೋಚನೆ ಬರುತ್ತದೆ. ಇದು ಯಾರಿಗೆ ಬಂತು ಎಂದು ಕೇಳುತ್ತೇನೆ. ನನಗೆ ಎಂದು ಉತ್ತರ. ಆ ನಾನು ಎಲ್ಲಿ ಎಂದು ತಿರುಗಿ ನೋಡುತ್ತೇನೆ. ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಹಾಗೆ ಬೆಚ್ಚಗಿರುತ್ತದೆ, ಅಷ್ಟೇ. ದನಿ ನನ್ನದು, ಆದರೆ ದನಿಯೇ ನಾನಲ್ಲ, ಕೇಳಿಸಿಕೊಳ್ಳುವವಳು ಬೇರೆ. ನೆನಪು ನನ್ನದು ಅನ್ನೋಣವೆಂದರೆ ಅದು ನಿನ್ನದು. ಒಂದೊಂದನ್ನೇ ಪಕ್ಕಕ್ಕಿಟ್ಟು ಹೋದರೆ, ಕೊನೆಗೆ ಇಡುವವಳು ಸಿಗಬೇಕಲ್ಲ? ಅವಳ ಮೇಲೂ ನನಗೆ ಅನುಮಾನ. ಹುಡುಕುವವಳೂ ಡಬ್ಬಿಂಗೇ ಇರಬಹುದು.

ನೀನು ಹೆದರುವ ಮುಂಚೆ ಹೇಳುತ್ತೇನೆ. ಯಾವ ಗುರುವೂ ಇಲ್ಲ, ಗುಂಪೂ ಇಲ್ಲ, ಗಂಡಸೂ ಇಲ್ಲ.

ಅಮ್ಮನ ಮುಂದೆ ಬಂದು ನಿಂತು, ಅವಳು ಯಾರು ಅಂದರೆ ಏನು ಹೇಳಲಿ? ಬಾಡಿಗೆಯವಳು ಏನು ಹೇಳುತ್ತಾಳೋ ಅದನ್ನೇ ತಾನೆ?

ತಂಗಿ

⁂

ಮಾರ್ಚ್ ೨೫

ತಂಗೀ,

ಗುಬ್ಬಿ ಎನ್ನುವ ಮನಸ್ಸಿಲ್ಲ ಇವತ್ತು.

ಕಾಗದವನ್ನು ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ಅದೇ ನನ್ನ ಅನುಮಾನ. ಬರದೆ ಇರುವುದಕ್ಕೆ ಇಷ್ಟು ಚೆಂದದ ಕಾರಣವನ್ನು ನಮ್ಮ ವಂಶದಲ್ಲಿ ಯಾರೂ ಕೊಟ್ಟಿರಲಿಕ್ಕಿಲ್ಲ. ರಜೆ ಸಿಗಲಿಲ್ಲ ಅನ್ನುತ್ತಾರೆ, ಮೈ ಸರಿಯಿಲ್ಲ ಅನ್ನುತ್ತಾರೆ. ನೀನು "ಬರಬೇಕಾದವಳೇ ಸಿಗುತ್ತಿಲ್ಲ" ಅನ್ನುತ್ತೀಯ. ಅಮ್ಮನ ತಲೆಗೆ ನೀರು ಹಾಕುವಾಗ ಹಾಕುತ್ತಿರುವವಳು ಯಾರು ಎಂದು ಕೇಳಿಕೊಂಡು ನಿಂತರೆ ಅವಳಿಗೆ ನೆಗಡಿಯಾಗುತ್ತದೆ, ತಿಳಿಯಿತಾ?

ಇಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಬರುತ್ತಾರೆ. ಹೋದ ವರ್ಷ ಮೂಗು ತೆಗೆದರು. ನಾನು ಮಾಡಿದ ಮೂಗನ್ನು ಮೊದಲ ಸಲ ಕೂರಿಸಿ ಕನ್ನಡಿ ಹಿಡಿದಾಗ "ಇದು ನಾನಲ್ಲಮ್ಮ, ಯಾರೋ ಕಂಡಕ್ಟರ್ ಇದ್ದಂಗಿದ್ದಾನೆ" ಅಂದರು. ಕೆಲವು ವಾರ ಬಿಟ್ಟು ತೊಳೆಯಲು ಅದನ್ನು ತೆಗೆದಾಗ ಕನ್ನಡಿ ನೋಡಿ, "ಇದೂ ನಾನಲ್ಲ" ಅಂದರು. ಅಂದು, ಜೋರಾಗಿ ನಕ್ಕು, ಮೂಗು ಹಾಕಿಕೊಂಡು ಮೊಮ್ಮಗಳನ್ನು ಸ್ಕೂಲಿಂದ ಕರೆತರಲು ಹೋದರು. ಹೊತ್ತಾಗಿತ್ತಲ್ಲ. ನೀನು ಕನ್ನಡಿಯ ಮುಂದೆಯೇ ಕೂತಿದ್ದೀಯ.

ಇನ್ನೊಂದು ಅನುಮಾನವನ್ನೂ ಬರೆದುಬಿಡುತ್ತೇನೆ. ಸತ್ತ ನಿನ್ನನ್ನು ಅಮ್ಮ ಮುದ್ದು ಮಾಡುತ್ತಾಳೆ ಎಂದು ನಾನೇ ಬರೆದೆ. ಅದು ನಿನಗೆ ರುಚಿಸಿತಾ? ಬದುಕಿ ಬಂದರೆ ಅದು ಹೋಗುತ್ತದೆ ಎಂಬ ಹೆದರಿಕೆಯಾ?

ಈಗ ಅಸಲು ವಿಷಯ. ಅಮ್ಮ ಊಟ ಬಿಟ್ಟಿದ್ದಾಳೆ. ಪೂರ್ತಿ ಅಲ್ಲ, ಒಂದೆರಡು ತುತ್ತು. "ಅವಳು ಹೆಂಗೆ ಹೋದ್ಲು ಅಂತ ಹೇಳು, ಉಣ್ತೀನಿ. ಕೊನೆಗೆ ನನ್ನ ಕೇಳಿದ್ಲಾ?" ಎನ್ನುತ್ತಾಳೆ. ನಾನೇನು ಹೇಳಲಿ? ಸುಳ್ಳು ಹೇಳಿ ಊಟ ಮಾಡಿಸಲಾ? ನಿಜ ಹೇಳಿದರೆ ತಟ್ಟೆ ತಳ್ಳುತ್ತಾಳೆ. ಅವಳ ಬಳೆಗಳು ಮೊಣಕೈ ತನಕ ಜಾರುತ್ತಿವೆ.

ನಾನು ಯಾರು ಎಂಬುದನ್ನು ಆಮೇಲೆ ನೋಡಿಕೊ. ಅಮ್ಮನ ಮಗಳು ಯಾರು ಎಂಬುದು ಈಗ ಬೇಕಾಗಿದೆ.

ಅಕ್ಕ

⁂

ಏಪ್ರಿಲ್ ೬

ಅಕ್ಕಾ,

ಮುಂದಿನ ವಾರ ಬರುತ್ತೇನೆ. ಅಮ್ಮನಿಗೆ ಮೊದಲೇ ಹೇಳಬೇಡ. ನಾನು ಅವಳ ಮುಂದೆ ಕೂತಾಗ ನೀನು ಬಾಯಿ ಹಾಕಬೇಡ, ಕೆಮ್ಮಲೂ ಬೇಡ.

ಅವಳು ಕೇಳಿದರೆ ಏನು ಹೇಳಬೇಕೆಂದು ತಯಾರಿ ಮಾಡಿಕೊಳ್ಳಲು ಕೂತೆ. ಎಲ್ಲ ಸಾಲೂ ಚೆನ್ನಾಗಿಯೇ ಬಂದವು. ಎಲ್ಲವನ್ನೂ ಬಿಟ್ಟು ಬರುತ್ತಿದ್ದೇನೆ. ರುಚಿಸಿತಾ ಎಂದು ಕೇಳಿದ್ದೆಯಲ್ಲ, ಅದಕ್ಕೆ ಎದುರಿಗೆ ಉತ್ತರ ಹೇಳುತ್ತೇನೆ, ಅಥವಾ ಹೇಳುವುದಿಲ್ಲ.

ತಂಗಿ

⁂

ಏಪ್ರಿಲ್ ೨೭

ಗುಬ್ಬೀ,

ನೀನು ರೆಕಾರ್ಡಿಂಗಿಗೆ ತಡವಾಯಿತೆಂದು ಮರುದಿನವೇ ಹೊರಟುಬಿಟ್ಟೆ. ನಮಗಿಬ್ಬರಿಗೂ ಮಾತಾಡಲು ಆಗಲಿಲ್ಲ. ಮಾತಾಡಿದರೂ ಕೇಳಿಸಿಕೊಳ್ಳುವ ಕಿವಿ ಪಕ್ಕದಲ್ಲೇ ಇತ್ತು. ಬಾಗಿಲಲ್ಲಿ ನಿಂತು ನಾನು ಕಂಡದ್ದನ್ನು ಬರೆಯುತ್ತೇನೆ. ನಮ್ಮ ನೆನಪುಗಳ ಗತಿ ಗೊತ್ತಲ್ಲ, ನೀನು ಕಂಡದ್ದು ಬೇರೆಯಿದ್ದರೆ ತಿದ್ದು.

ನೀನು ಚಪ್ಪಲಿ ಬಿಟ್ಟು ಒಳಗೆ ಬಂದು ಅವಳೆದುರಿನ ಸ್ಟೂಲಿನ ಮೇಲೆ ಕೂತೆ. ಅಮ್ಮ ಕಿಟಕಿಯ ಕಡೆಗಿದ್ದ ಮುಖವನ್ನು ತಿರುಗಿಸದೆ "ಯಾರು ಬಂದಿರೋದು?" ಅಂದಳು. ಕೈ ಚಾಚಿದಳು. ನಿನ್ನ ಹಣೆ, ಹುಬ್ಬು, ಕೆನ್ನೆ ಸವರಿದಳು. ಮೂಗನ್ನು ಹಿಡಿದು ಎಳೆದೇ ಎಳೆದಳು. ನಿನ್ನ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದದ್ದು ಅಂತ ನನ್ನ ಲೆಕ್ಕ. ನನ್ನ ಕಡೆ ತಿರುಗಿ, "ಭದ್ರವಾಗೇ ಕೂರಿಸಿದ್ದೀಯಲ್ಲೇ" ಅಂದಳು. ನಗು ಬಂತು, ಅಳುವೂ ಬಂತು, ನಿನಗೆ ಮಾತು ಕೊಟ್ಟಿದ್ದೆ, ತಡೆದುಕೊಂಡೆ.

ಆಮೇಲೆ ನಿನ್ನ ಮಂಡಿಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತು, ಎಕ್ಸ್‌ಚೇಂಜಿನ ಕಾಲದ ಆ ಚಪ್ಪಟೆ ದನಿಯಲ್ಲಿ, "ಏನು ಹೇಳ್ಕೊಟ್ಟು ಕರ್ಕೊಂಡು ಬಂದಿದ್ದಾಳೆ? ಹೇಳು, ಕೇಳೋಣ" ಅಂದಳು.

"ಏನೂ ಹೇಳ್ಕೊಟ್ಟಿಲ್ಲ."

"ನೀನು ನನ್ನ ಮಗಳಾ?"

ನಾನು ಬಾಗಿಲಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ, ಕಣ್ಣಿಲ್ಲದವಳ ಮುಂದೆ, ಪೆದ್ದಿಯ ಹಾಗೆ. ನೀನು ಬಾಯಿ ತೆರೆದೆ, ಮುಚ್ಚಿದೆ. ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಕೂಗುತ್ತಿತ್ತು. ಅದು ನಿಂತಮೇಲೆ ನೀನು "ಗೊತ್ತಿಲ್ಲಮ್ಮ" ಅಂದೆ.

"ಗೊತ್ತಿಲ್ಲ ಅಂದ್ರೆ?"

"ನೋಡ್ತಾನೇ ಇದ್ದೀನಿ. ಸಿಗ್ತಾ ಇಲ್ಲ."

ನನಗೆ ನಿನ್ನನ್ನು ಎತ್ತಿ ಹೊರಗೆ ಹಾಕುವಷ್ಟು ಸಿಟ್ಟು ಬಂತು. ಆದರೆ ಅಮ್ಮನ ಕೈ ನಿನ್ನ ಮಂಡಿಯ ಮೇಲೆ ಹಾಗೆಯೇ ನಿಂತಿತ್ತು. ಕೊನೆಗೆ ಅವಳು ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಬಾಡಿಗೆಗೆ ಬಂದೋಳಾಗಿದ್ರೆ ಹೌದು ಅಂದಿರ್ತಿದ್ಲು."

ಆಮೇಲೆ, "ಊಟ ಮಾಡಿದ್ಯೇನೇ?" ಅಂದಳು.

ಅವತ್ತು ಅವಳು ಎರಡು ಸಲ ಬಡಿಸಿಕೊಂಡಳು. ನೀನು ಹೋದಮೇಲೂ ಉಣ್ಣುತ್ತಿದ್ದಾಳೆ. ನಿನ್ನ ಗುಣಗಳು ಮಾತ್ರ ಒಂದೊಂದಾಗಿ ಹೋದವು: ಕೂದಲಿಗೆ ಎಣ್ಣೆ ಇಲ್ಲ, ಹಿಮ್ಮಡಿ ಒಡೆದಿದೆ, ಬಂದರೆ ಒಂದು ದಿನಕ್ಕೆ ಬರುತ್ತಾಳೆ.

ಎಲ್ಲ ಒಳ್ಳೆಯದೇ ಆಯಿತು. ಆದರೆ ಗುಬ್ಬಿ, ನನಗೆ ನಿದ್ದೆ ಹತ್ತುತ್ತಿಲ್ಲ. ಎಲ್ಲಿ ಉಸಿರು ತಡೆಯಬೇಕು, ಎಷ್ಟು ಹೊತ್ತು ಸುಮ್ಮನಿದ್ದರೆ ಮಾತು ನಾಟುತ್ತದೆ ಎಂಬುದು ನಿನ್ನಷ್ಟು ಯಾರಿಗೆ ಗೊತ್ತು? ಅಷ್ಟು ಸರಿಯಾದ ಜಾಗದಲ್ಲಿ ಅಷ್ಟು ಸರಿಯಾದ ಮಾತು. ಆ "ಗೊತ್ತಿಲ್ಲ" ನಿಜವಾಗಿ ಗೊತ್ತಿಲ್ಲದ್ದಾ, ಅಥವಾ ನಿನ್ನ ಜೀವನದ ಅತ್ಯುತ್ತಮ ಡಬ್ಬಿಂಗಾ?

ಏನು ಹೇಳಿದರೂ ಸಿಟ್ಟಾಗುವುದಿಲ್ಲ. ಅವಳು ಉಣ್ಣುತ್ತಿದ್ದಾಳಲ್ಲ. ಆದರೂ ಹೇಳು.

ಅಕ್ಕ

⁂

ಮೇ ೮

ಅಕ್ಕಾ,

ಕೇಳುತ್ತೀಯ ಎಂದು ಗೊತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗಲೇ ನನ್ನನ್ನು ನಾನು ಅದನ್ನು ಕೇಳಿಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

"ಗೊತ್ತಿಲ್ಲಮ್ಮ" ಎಂದೊಡನೆ ಒಳಗೆ ಯಾರೋ "ಚೆನ್ನಾಗಿ ಬಂತು" ಅಂದರು. ಹೌದು, ಅಂದರು. ಇಷ್ಟು ವರ್ಷದ ಚಾಳಿ, ಅಮ್ಮನ ಮುಂದೆಯೂ ಬಿಡಲಿಲ್ಲ. ನೀನು ಬಾಗಿಲಲ್ಲಿ ನಿಂತು ಹಿಡಿದದ್ದು ಅದನ್ನೇ ಇರಬೇಕು. ನಾಚಿಕೆಯಾಯಿತು. ನಾಚಿಕೆ ಯಾರಿಗೆ ಎಂದು ನೋಡಿದೆ. "ನೋಡ್ತಾನೇ ಇದ್ದೀನಿ" ಎಂದದ್ದು ಆವಾಗಲೇ, ಅದು ಸುಳ್ಳಲ್ಲ.

ಅದಕ್ಕೂ ಮುಂಚೆ ಒಂದು ಇತ್ತು. "ನೀನು ನನ್ನ ಮಗಳಾ" ಎಂದು ಅವಳು ಕೇಳಿದ್ದಕ್ಕೂ ನಾನು ಬಾಯಿ ತೆರೆದದ್ದಕ್ಕೂ ನಡುವೆ. ಲಾರಿಯ ಸದ್ದಿತ್ತು. ಅವಳ ಕೈಯ ಬಿಸಿ ಇತ್ತು. ಒಂದು ಮಂಡಿ ಇತ್ತು. ಚೆನ್ನಾಗಿ ಬಂತು, ಬರಲಿಲ್ಲ ಎನ್ನುವವರು ಯಾರೂ ಇರಲಿಲ್ಲ. ಅದು ನಿಜವಾಗಿತ್ತಾ ಎಂದರೆ ನಾನು ಸಾಕ್ಷಿ ಹೇಳಲಾರೆ, ಅಕ್ಕ. ಆಗ ನಾನಿರಲಿಲ್ಲ.

ಇನ್ನು ನನ್ನ ಸರದಿ. ಸತ್ತವಳಿಗೆ ಸಿಗುವ ಮುದ್ದು ರುಚಿಸಿತಾ ಎಂದು ಕೇಳಿದ್ದೆಯಲ್ಲ. ರುಚಿಸಿತು. ಜನವರಿಯ ನಿನ್ನ ಕಾಗದದ ಆ "ಮೃದು ಮನಸ್ಸು" ಸಾಲನ್ನು ಎಷ್ಟು ಸಲ ಓದಿದ್ದೇನೋ. ನಿನಗೆ? ಅಮ್ಮ ನನ್ನನ್ನು ಯಾರು ಯಾರು ಎಂದು ಕೇಳಿದಳು, ಮೂಗು ಎಳೆದಳು, ಸಾಯಿಸಿದಳು, ಬದುಕಿಸಿದಳು. ನಿನ್ನನ್ನು ಒಮ್ಮೆಯಾದರೂ ಯಾರು ಅಂದಳಾ? ನಿನ್ನ ಕಾಗದಗಳಲ್ಲಿ ಎಲ್ಲೂ ಬರೆಯದೆ ಬಿಟ್ಟದ್ದು ಅದೊಂದೇ ಅನ್ನಿಸುತ್ತದೆ. ತಪ್ಪಿದ್ದರೆ ತಿದ್ದು.

ತಂಗಿ

⁂

ಮೇ ೩೦

ಮಗಳೇ,

ಇದನ್ನು ನಾನು ಹೇಳುತ್ತಿದ್ದೇನೆ, ನಿನ್ನ ಅಕ್ಕ ಬರೆಯುತ್ತಿದ್ದಾಳೆ. ಹೇಳಿದ್ದನ್ನೇ ಬರೆಯುತ್ತಿದ್ದಾಳೋ, ತನಗೆ ಬೇಕಾದ್ದನ್ನೋ, ದೇವರಿಗೇ ಗೊತ್ತು. ಓದಿ ಹೇಳು ಅಂದರೆ ಓದುತ್ತಾಳೆ. ಓದಿದ್ದೂ ಬರೆದದ್ದೂ ಒಂದೇ ಎಂದು ಏನು ಗ್ಯಾರಂಟಿ?

ನಿನ್ನ ಕಾಗದಗಳನ್ನೆಲ್ಲ ಅವಳು ಮೊನ್ನೆ ಕೂತು ಓದಿದಳು, ತಾನು ಬರೆದದ್ದನ್ನು ನೆನಪಿನಿಂದ ಹೇಳಿದಳು. ನಾನು ಕೇಳಿರಲಿಲ್ಲ, ತಾನಾಗಿಯೇ ತಂದಳು. ಒಂದು ಕಡೆ ಓದುವುದನ್ನು ನಿಲ್ಲಿಸಿ ಒಂದು ಹಾಳೆ ದಾಟಿಸಿದಳು. ನನಗೆ ಗೊತ್ತಾಯಿತು. ಏನದು ಅಂದೆ. ಗದರಿದಮೇಲೆ ಓದಿದಳು. ನಿನ್ನ ಕೊನೆಯ ಕಾಗದದ ಕೊನೆಯ ಭಾಗ ಅದು.

ನೀನು ಸ್ಟುಡಿಯೋದಲ್ಲಿ ಕೂತು ಮಾಡುವ ಆ ಹುಡುಕಾಟವನ್ನು ನಾನೂ ಮಾಡಿ ನೋಡಿದೆ. ನನಗೆ ಕತ್ತಲೆ ಪುಕ್ಕಟೆ ಸಿಗುತ್ತದೆ. ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ನಮಗೆಲ್ಲ ಒಂದೇ ದನಿ ಕಲಿಸಿದ್ದಳು. ಜನ ಯಾವಾಗ ಮಾಡಿದರೂ ಒಬ್ಬಳೇ ಹುಡುಗಿ ಎತ್ತುತ್ತಾಳೆ ಅಂದುಕೊಳ್ಳಬೇಕು, ಹಾಗೆ. ಯಾರು ಬೇಕು ಎಂದು ಊರಿಗೆಲ್ಲ ಕೇಳಿದೆ. ಕೇಳುತ್ತಿದ್ದವಳು ಯಾರೆಂದು ಯೋಚಿಸಿದ್ದು ಈಗಲೇ. ನೀನು ಹೇಳಿದ ಹಾಗೆ ಬೆಚ್ಚಗಿನ ಕುರ್ಚಿಗಿರ್ಚಿ ನನಗೆ ಸಿಗಲಿಲ್ಲ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಲೈನು ಸತ್ತಿಲ್ಲ ಎಂಬುದಷ್ಟೇ ಖಾತ್ರಿ.

ನಿನ್ನೆ ಸ್ನಾನ ಮಾಡಿಸುವಾಗ ಇವಳನ್ನು "ಯಾರು?" ಅಂದೆ. ಬೇಕೆಂದೇ ಅಂದೆ. "ನಾನೇ, ಇನ್ಯಾರು" ಅಂದಳು. ತಡವರಿಸಲಿಲ್ಲ, ಯೋಚಿಸಲಿಲ್ಲ. ನನಗೆ ಇಷ್ಟು ವರ್ಷ ಅದು ಕೇಳಿಸಿಯೇ ಇರಲಿಲ್ಲ. ನೀನು ಗೊತ್ತಿಲ್ಲ ಅಂದದ್ದಕ್ಕೆ ನಿನ್ನನ್ನು ನಂಬಿದೆ. ಇವಳು ನಾನೇ ಅಂದದ್ದಕ್ಕೆ ಇವಳನ್ನು ನಂಬುತ್ತೇನೆ. ಎರಡೂ ಹೇಗೆ ಸರಿಯಾಗುತ್ತದೆ ಎಂದು ನನ್ನನ್ನು ಕೇಳಬೇಡ.

(ಇದನ್ನೂ ಬರೆಯೇ ಅಂದಳು. ಬರೆಯುವುದಿಲ್ಲ ಅಂದೆ. ಹಾಗಿದ್ದರೆ ಬೇರೆ ಯಾರಿಂದಾದರೂ ಬರೆಸುತ್ತೇನೆ ಅಂದಳು. ಬರೆದಿದ್ದೇನೆ. ಅಕ್ಕ)

ಭಾನುವಾರ ಫೋನು ಮಾಡು. ನಾನೇ ಎತ್ತುತ್ತೇನೆ. ಅನುಮಾನ ಪೂರ್ತಿ ಹೋಗಿದೆ ಎಂದು ತಿಳಿಯಬೇಡ. ನಿನಗೇ ಹೋಗಿಲ್ಲ, ನನಗೆ ಹೇಗೆ ಹೋಗುತ್ತದೆ? ಯಾವ ದನಿ ಬಾಯಿಗೆ ಬರುತ್ತದೋ ಅದರಲ್ಲೇ ಮಾಡು. ಆದರೆ ಮಾಡು.

(ಕೆಳಗಿನದ್ದು ನಾನು ಬರೆದದ್ದಲ್ಲ. ಪೆನ್ನು ಕಿತ್ತುಕೊಂಡು ಅವಳೇ ಬರೆದಳು. ಎರಡನೆಯ ಅಕ್ಷರದ ಅರ್ಧ ಹಾಳೆ ದಾಟಿ ಮೇಜಿನ ಮೇಲೆ ಹೋಗಿದೆ.)

ಅಮ್